ಸೊಟ್ಟ ಗರಿ

ಒಪ್ಪಂದ ಇಷ್ಟೇ: ಶಿವರಾತ್ರಿಗೆ ಬಂದು ನೋಡಿದಾಗ ಆಶ್ರಮದವರು ನೆಟ್ಟ ತೆಂಗಿನ ಸಸಿಗಳು ಚೇತರಿಸಿಕೊಂಡಿದ್ದರೆ ಹೊಳೆದಂಡೆಯ ಆ ಜಾಗ ಆಶ್ರಮಕ್ಕೆ, ಇಲ್ಲದಿದ್ದರೆ ಇಟ್ಟಿಗೆ ಗೂಡಿಗೆ. ಜಾಗದ ಒಡೆಯ ಚಿಕ್ಕಣಶೆಟ್ಟರು ಬಾಯಿಮಾತಲ್ಲೇ ಹೇಳಿದರು. ಆಗ ಬೇಸಿಗೆಯಲ್ಲೂ ಹೊಳೆ ಹರಿಯುತ್ತಿತ್ತು. ಮಾತಿಗೆ ಕಾಗದ ಬೇಕಿರಲಿಲ್ಲ.

ಸಸಿಗಳ ಗರಿಯೆಲ್ಲ ಮುದುಡಿ, ತುದಿ ಕೊಕ್ಕೆಯಂತೆ ಬಾಗಿತ್ತು. ಶಿಷ್ಯ ಮಹಾಲಿಂಗ ಬುಟ್ಟಿಗಟ್ಟಲೆ ಗೊಬ್ಬರ ಸುರಿದಿದ್ದ. ಏನೂ ಆಗಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಗುರುಗಳು ಅಕ್ಕಸಾಲಿಗರ ಕೇರಿಗೆ ಹೋಗಿ, ಬೆಸುಗೆಗೆ ಬಳಸುವ ಬಿಳಿಗಾರದ ಪುಡಿ ತಂದರು. ಬುಡದಿಂದ ಸ್ವಲ್ಪ ದೂರದಲ್ಲಿ ಮಣ್ಣು ಕೆದಕಿ, ಸಸಿಗೆ ಎರಡೆರಡು ಚಮಚ ಹಾಕಿ ನೀರು ಬಿಟ್ಟರು.

"ಗಿಡಕ್ಕೆ ಓಲೆ ಮಾಡಿಸ್ತೀರಾ ಗುರುಗಳೇ?" ಮಹಾಲಿಂಗ ನಕ್ಕ. "ಬುಟ್ಟಿ ಗೊಬ್ಬರಕ್ಕೆ ಆಗದ್ದು ಚಮಚಕ್ಕೆ ಆಗುತ್ತದೆಯೆ?"

"ನಿನ್ನ ಸಾರಿಗೆ ಉಪ್ಪು ಮರೆತಾಗ ನಾನು ಬೇಳೆ ಕೇಳಿದ್ದೆನೆ?"

"ಹಾಗಾದರೆ ಇನ್ನೆರಡು ಚಮಚ ಹಾಕೋಣ."

"ಹಾಕು. ಆಮೇಲೆ ಸುಟ್ಟ ಗಿಡಕ್ಕೂ ನೀನೇ ನೀರು ಹೊರು."

ಮಹಾಲಿಂಗ ಚಮಚ ಕೆಳಗಿಟ್ಟ.

ಶಿವರಾತ್ರಿ ಹತ್ತಿರ ಬಂತು. ಹೊಸ ಸುಳಿ ನೆಟ್ಟಗೆ ಬಿಚ್ಚಿಕೊಂಡಿತ್ತು. ಹಳೆಯ ಗರಿಗಳು ಮಾತ್ರ ಹಾಗೇ ಸೊಟ್ಟ. ಶೆಟ್ಟರ ಕಣ್ಣಿಗೆ ಬೀಳದಿರಲೆಂದು ಮಹಾಲಿಂಗ ಕುಡುಗೋಲು ಹಿಡಿದು ಹೊರಟ.

ಗುರುಗಳು ಕುಡುಗೋಲು ಇಸಿದುಕೊಂಡರು. "ಇನ್ನೂ ಹಸಿರಿದೆಯಲ್ಲ. ದುಡಿಯಲಿ ಬಿಡು."

"ಜಾಗ ಹೋದೀತು ಗುರುಗಳೇ."

ಗುರುಗಳು ಕುಡುಗೋಲನ್ನು ಒಳಗಿಟ್ಟು ಬಂದರು.

ಹಬ್ಬದ ಬೆಳಗ್ಗೆ ಶೆಟ್ಟರು ಬಂದರು. "ಏನು ಸ್ವಾಮಿ, ಕೊಕ್ಕೆ ಮಾಲು ಮುಂದಿಟ್ಟು ವ್ಯಾಪಾರ ಮಾಡ್ತೀರಾ?"

"ಕೆಳಗಿನಿಂದ ಮೇಲಕ್ಕೆ ನೋಡಿ ಶೆಟ್ಟರೇ."

ಶೆಟ್ಟರು ಬಗ್ಗಿದರು. ಕೆಳಗಿನ ಗರಿ ಪೂರಾ ಸೊಟ್ಟ. ನಡುವಿನದು ಕೊಂಚ ವಾಸಿ. ಮೇಲಿನದು ಬಾಚಿದ ಕೂದಲಿನಂತೆ ನೇರ. ಪಕ್ಕದ ಸಸಿಯೂ ಹಾಗೆಯೇ, ಅದರಾಚೆಯದೂ.

"ಬರೀ ನೆಟ್ಟಗಿನದನ್ನೇ ತೋರಿಸಿದ್ದರೆ ಮೊನ್ನೆ ತಂದು ನೆಟ್ಟಿದ್ದು ಅಂತಿದ್ದೆ," ಎಂದರು ಶೆಟ್ಟರು. "ಜಾಗ ಇಟ್ಟುಕೊಳ್ಳಿ. ಗೂಡಿಗೆ ಬೇರೆ ಕಡೆ ನೋಡ್ತೀನಿ."

ಆ ಸಸಿಗಳ ಎಳನೀರು ಕುಡಿದು ಬೆಳೆದ ಶಿಷ್ಯರ ತಲೆ ಈಗ ನರೆತಿದೆ. ಹೊಳೆಯೂ ಸಣ್ಣಗಾಗಿದೆ. ಅವರು ಸೇರಿದಾಗೆಲ್ಲ ಆ ಬೆಳಗಿನ ಮಾತು ಬಂದೇ ಬರುತ್ತದೆ.

ಅಂದು ಶೆಟ್ಟರು ಅತ್ತ ಹೋದದ್ದೇ ಮಹಾಲಿಂಗ ಕೇಳಿದ್ದ: "ಜಾಗ ಸಿಕ್ಕಿತಲ್ಲ ಗುರುಗಳೇ, ಈಗಲಾದರೂ ಸೊಟ್ಟ ಗರಿ ಕಡಿದುಬಿಡಲೇ?"

ಗುರುಗಳು ಬಾಗಿದ ಗರಿಯೊಂದರ ಧೂಳು ಒರೆಸಿದರು.

"ಲಾಭ, ಗಿಡಕ್ಕೊಂದು ನೇರ ಗರಿ. ಅದನ್ನು ಸಾಕಿದ ಸೊಟ್ಟ ಗರಿಯನ್ನು ನಷ್ಟಕ್ಕೆ ಬರೆಯಬೇಡ."