ಮೀನಿನ ಗಾಡಿಗೆ ಹೊಡೆದ ಬೆಣೆ

"ಗುರುಗಳೇ, ಸುಮ್ಮನಾಗಿರುವ ತಪ್ಪನ್ನು ಮತ್ತೆ ಎಬ್ಬಿಸಬೇಕೇ?" ಎಂದು ಅಚ್ಯುತ ಕೇಳಿದ.

ಅಚ್ಯುತ ಸಂಸಾರಿ ಶಿಷ್ಯ. ಆಗಾಗ ಬಂದು, ಹಣ್ಣು ಇಟ್ಟು, ನಮಸ್ಕಾರ ಮಾಡಿ, ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಯೊಂದನ್ನು ಕೇಳಿ ಹೋಗುವುದು ಅವನ ರೂಢಿ. ಅಂದು ಮಾತ್ರ ಅವನು ಹಣ್ಣು ತಂದಿರಲಿಲ್ಲ.

"ಒಬ್ಬರಿಗೆ ಅನ್ಯಾಯ ಮಾಡಿದ್ದೆ," ಎಂದು ಅವನೇ ಮುಂದುವರಿಸಿದ. "ಬಹಳ ಕಾಲ ಅದು ಎದೆಯೊಳಗೆ ಕುಟುಕುತ್ತಿತ್ತು. ಜಪ ಮಾಡಿದೆ, ವ್ರತ ಹಿಡಿದೆ. ಈಗ ಶಾಂತವಾಗಿದೆ. ಹೋಗಿ ಒಪ್ಪಿಕೊಂಡರೆ ಮಾಯ್ದ ಗಾಯವನ್ನು ಕೆದಕಿದ ಹಾಗಾಗುತ್ತದೆ. ಬಿಟ್ಟುಬಿಡಲೇ?"

ಅನ್ಯಾಯ ಯಾರಿಗೆ ಎಂದು ಗುರುಗಳು ಕೇಳಲಿಲ್ಲ. ಏನು ಅನ್ಯಾಯ ಎಂದೂ ಕೇಳಲಿಲ್ಲ. "ಕೂತುಕೋ. ಒಬ್ಬ ಮೀನಿನ ವ್ಯಾಪಾರಿಯ ಕತೆ ಹೇಳುತ್ತೇನೆ. ಮೂಗು ಮುಚ್ಚಿಕೊಳ್ಳದೆ ಕೇಳು," ಎಂದು ಹೇಳತೊಡಗಿದರು.

ಕಡಲ ತೀರದ ಒಂದು ಊರಿನಲ್ಲಿ ಒಬ್ಬ ಮೀನಿನ ವ್ಯಾಪಾರಿಯಿದ್ದ. ಅವನ ಹತ್ತಿರ ಒಂದು ಹಳೆಯ ಪಿಕಪ್ ಗಾಡಿಯಿತ್ತು. ಅದು ಮೊದಲು ಅವನ ಅಣ್ಣನದು. ಅಣ್ಣತಮ್ಮಂದಿರ ನಡುವೆ ಯಾವುದೋ ಸಣ್ಣ ವಿಷಯಕ್ಕೆ ಮಾತಿಗೆ ಮಾತು ಬೆಳೆದು ಮಾತೇ ನಿಂತುಹೋಗಿತ್ತು. ಹಾಗಿರುವಾಗಲೇ ಒಂದು ದಿನ ದೋಣಿ ಮಗುಚಿ ಅಣ್ಣ ಕಡಲು ಸೇರಿದ. ಹೆಣ ಸಿಗಲಿಲ್ಲ. ಗಾಡಿ ತಮ್ಮನ ಪಾಲಿಗೆ ಬಂತು.

ಬೆಳಿಗ್ಗೆ ಬಂದರಿನಲ್ಲಿ ಮೀನು, ಐಸು ತುಂಬಿಕೊಂಡು ಘಟ್ಟ ಹತ್ತುವುದು, ಮೇಲಿನ ಪೇಟೆಯಲ್ಲಿ ಮಾರಿ ಸಂಜೆಗೆ ಇಳಿದು ಬರುವುದು, ಇದು ಅವನ ಕಸುಬು. ಹೆಂಡತಿಯೂ ಜೊತೆಗೆ ಹೋಗುತ್ತಿದ್ದಳು. ಇವನು ಗಾಡಿ ಓಡಿಸುವವನು, ಅವಳು ಮಾರುವವಳು. ಮೀನಿಗಿಂತ ಹೆಚ್ಚಾಗಿ ಅವಳ ಮಾತಿಗೆ ಜನ ಸೇರುತ್ತಿದ್ದರು.

ಐಸು ಕರಗಿದಂತೆ ಉಪ್ಪುನೀರು ಗಾಡಿಯ ತಳಕ್ಕೆ ಇಳಿಯುತ್ತದೆ. ಗಾಡಿಯ ಭಾರವನ್ನೆಲ್ಲ ಹೊರುವುದು ತಳದಲ್ಲಿರುವ ಚಾಸಿ. ಅದು ಎರಡು ಉದ್ದನೆಯ ಕಬ್ಬಿಣದ ತೊಲೆ, ಒಳಗೆ ಪೊಳ್ಳು. ಒಳಗೆ ಸೇರಿದ ನೀರು ಹೊರಗೆ ಹೋಗಲಿ ಎಂದು ಗಾಡಿ ಮಾಡಿದವರೇ ಅದರ ಅಡಿಯಲ್ಲಿ ಅಲ್ಲಲ್ಲಿ ತೂತು ಬಿಟ್ಟಿರುತ್ತಾರೆ. ಆ ತೂತುಗಳಿಂದ ಮೀನಿನ ನೀರು ದಾರಿಯುದ್ದಕ್ಕೂ ತೊಟ್ಟಿಕ್ಕುತ್ತಿತ್ತು. ನಾತಕ್ಕೆ ಪೇಟೆಯವರು ಬೈಯುತ್ತಿದ್ದರು. ಒಂದು ದಿನ ಮದುವೆ ನಡೆಯುತ್ತಿದ್ದ ಛತ್ರದ ಮುಂದೆ ಗಾಡಿ ಕೆಟ್ಟು ನಿಂತಾಗ, ಬೀಗರೆಲ್ಲ ಹೊರಗೆ ಬಂದು ಅವನ ಮಾನ ಹರಾಜು ಹಾಕಿದರು. ಅವನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಮನೆಗೆ ಬಂದವನೇ ಮರದ ಬೆಣೆಗಳನ್ನು ಕೆತ್ತಿದ. ಅವಕ್ಕೆ ಹತ್ತಿಬಟ್ಟೆ ಸುತ್ತಿ, ಗಾಡಿಯ ಅಡಿಗೆ ಹೋಗಿ ಮಲಗಿ, ಚಾಸಿಯ ಒಂದೊಂದು ತೂತಿಗೂ ಬಡಿದು ಬಿಗಿದ. ಅವನು ದೋಣಿಯವರ ಮನೆಯ ಮಗ. ತೂತು ಕಂಡರೆ ಬೆಣೆ ಹೊಡೆಯುವುದು ಅವನ ಕೈಗೆ ಹುಟ್ಟಿನಿಂದ ಬಂದದ್ದು. ದೋಣಿಗೆ ನೀರು ಹೊರಗಿರುತ್ತದೆ, ಈ ಗಾಡಿಗೆ ಒಳಗಿದೆ ಎಂಬುದು ಅವನಿಗೆ ಹೊಳೆಯಲೇ ಇಲ್ಲ. ನಗಬೇಡ ಅಚ್ಯುತ, ನಿನಗೂ ಹೊಳೆಯುತ್ತಿರಲಿಲ್ಲ.

ತೊಟ್ಟಿಕ್ಕುವುದು ನಿಂತಿತು. ಬೈಗುಳವೂ ನಿಂತಿತು. ಆಮೇಲೆ ಸದ್ದು ಶುರುವಾಯಿತು.

ಬ್ರೇಕು ಹಾಕಿದರೆ ಏನೋ ಒಂದು ಹಿಂದಿನಿಂದ ಹರಿದು ಬಂದು ಅವನ ಸೀಟಿನ ಕೆಳಗೆ ನಿಲ್ಲುತ್ತಿತ್ತು. ಗಾಡಿ ಹೊರಟರೆ ನಿಧಾನವಾಗಿ ಹಿಂದಕ್ಕೆ ಸರಿಯುತ್ತಿತ್ತು. ಅಂಗಳದಲ್ಲಿ ಬಿಸಿಲಿಗೆ ನಿಲ್ಲಿಸಿದರೆ ಒಳಗಿನಿಂದ ಉಗುರಿನಲ್ಲಿ ಕುಟ್ಟಿದಂತೆ ಟಕ್ ಎನ್ನುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಕ್ ಟಕ್. ಒಂದು ಮಧ್ಯಾಹ್ನ ಹೆಂಡತಿ ಗಾಡಿಯ ಪಕ್ಕ ಮೀನು ಒಣಗಿಸುತ್ತಿದ್ದಳು. ಗಾಡಿಯ ಅಡಿಯಿಂದ ಯಾರೋ ನೀರು ನುಂಗಿದ ಸದ್ದು ಅವಳಿಗೆ ಕೇಳಿತು. ಬಗ್ಗಿ ನೋಡಿದಳು. ಯಾರೂ ಇರಲಿಲ್ಲ. ಚಾಸಿಯ ಒಂದು ಸಂದಿನಲ್ಲಿ ಕೆಂಪು ಹನಿಯೊಂದು ಮೂಡಿ ನಿಂತಿತ್ತು. ಎಷ್ಟು ಹೊತ್ತು ನೋಡಿದರೂ ಅದು ಬೀಳಲಿಲ್ಲ.

"ಒಳಗೆ ಯಾರೋ ಇದ್ದಾರೆ," ಎಂದಳು ಅವಳು ಗಂಡನಿಗೆ. "ನಿಮ್ಮ ಅಣ್ಣ ಅಲ್ವಾ ಅದು? ಎಂತದೋ ಹೇಳ್ಲಿಕ್ಕುಂಟು ಅವರಿಗೆ."

ಅವನಿಗೂ ಅದೇ ಅನ್ನಿಸಿತ್ತು. ಬಾಯಿ ಬಿಟ್ಟು ಹೇಳಿರಲಿಲ್ಲ, ಅಷ್ಟೇ.

ಅಂದಿನಿಂದ ಅವಳು ಗಾಡಿ ಹತ್ತಲಿಲ್ಲ. ಗಾಡಿಯ ನೆರಳಿಗೂ ಹೋಗಲಿಲ್ಲ. ಇವನು ಒಬ್ಬನೇ ಘಟ್ಟ ಹತ್ತಿದ. ಪೇಟೆಯಲ್ಲಿ ಮೀನು ಉಳಿಯತೊಡಗಿತು. ಅದಕ್ಕಿಂತ ಹೆಚ್ಚಾಗಿ ಪಕ್ಕದ ಸೀಟು ಖಾಲಿ ಇರುವುದು ಅವನಿಗೆ ಸಹಿಸಲಾಗಲಿಲ್ಲ. ಅವಳು ಮತ್ತೆ ಬಂದು ಅಲ್ಲಿ ಕೂರಬೇಕು, ಇದೊಂದೇ ಅವನ ಆಸೆ. ಅಮಾವಾಸ್ಯೆಯ ದಿನ ಗಾಡಿಯ ಮುಂದೆ ಬಾಳೆಲೆ ಹಾಕಿ, ಅಣ್ಣನಿಗೆ ಇಷ್ಟವಾದ ಬಂಗುಡೆ ಸಾರು, ಕುಚ್ಚಲಕ್ಕಿ ಅನ್ನ ಬಡಿಸಿ ಕೈಮುಗಿದ. ಒಂದು ಕಾಗೆ ಬಂತು. ಎಲೆಯ ಹತ್ತಿರ ಹೋಗದೆ ಗಾಡಿಯ ಅಡಿಗೆ ಕತ್ತು ಚಾಚಿ ನೋಡಿತು. ಅನ್ನ ಮುಟ್ಟದೆ ಹಾರಿಹೋಯಿತು.

ಕೊನೆಗೆ ಅವನು ಗಾಡಿಯನ್ನು ವೆಲ್ಡಿಂಗ್ ಮಾಡುವವನ ಹತ್ತಿರ ಒಯ್ದ. ವೆಲ್ಡಿಂಗ್‌ನವನು ಸಣ್ಣ ಸುತ್ತಿಗೆ ಹಿಡಿದು ಚಾಸಿಯನ್ನು ಮುಂದಿನಿಂದ ತಟ್ಟುತ್ತ ಬಂದ. ಮುಂದೆ ಗಂಟೆಯಂತೆ ಟಣ್ ಎಂದಿತು. ಡ್ರೈವರ್ ಕೂರುವ ಜಾಗ ದಾಟಿ ಹಿಂದೆ ಬಂದಂತೆ ಸದ್ದು ಸತ್ತುಹೋಯಿತು. ಒದ್ದೆ ಹಲಗೆಯನ್ನು ತಟ್ಟಿದ ಹಾಗೆ. ಅಂಗೈಯಗಲದ ತುಕ್ಕಿನ ಹಕ್ಕಳೆಯೊಂದು ಕಳಚಿ ಕೆಳಗೆ ಬಿತ್ತು. ಅವನು ಸ್ಕ್ರೂಡ್ರೈವರ್ ತೆಗೆದುಕೊಂಡು ಆ ಜಾಗಕ್ಕೆ ಒತ್ತಲು ಹೋದ. ವ್ಯಾಪಾರಿ ಅವನ ಕೈ ಹಿಡಿದ.

"ಕೆದಕಬೇಡ ಮಾರಾಯ. ಕೆದಕಿದ್ರೆ ತೂತಾಗ್ತದೆ."

"ತೂತು ಮಾಡುವುದು ನಾನಲ್ಲ. ಉಂಟಾ ಇಲ್ವಾ ಅಂತ ನೋಡುವುದು," ಎಂದ ವೆಲ್ಡಿಂಗ್‌ನವನು. "ಈ ಬೆಣೆ ಎಲ್ಲ ಕಿತ್ತು ನೀರು ಬಿಡುವ. ಒಳಗೆ ಸಿಹಿನೀರು ಹಾಕಿ ತೊಳೆಯುವ. ತುಕ್ಕನ್ನು ಹೊಳೆಯುವ ಕಬ್ಬಿಣ ಕಾಣುವವರೆಗೆ ಉಜ್ಜಿ, ಕೊಳೆತಷ್ಟು ಕತ್ತರಿಸಿ, ಹೊಸ ಕಬ್ಬಿಣ ಬೆಸೆದ್ರೆ ಆಯ್ತು. ಗಾಡಿ ಸತ್ತಿಲ್ಲ ಇನ್ನೂ. ಸ್ವಲ್ಪ ದಿನ ಬಿಟ್ಟು ಬಂದ್ರೆ ನಾನು ಮುಟ್ಟುವುದಿಲ್ಲ."

"ಬೇಡ. ಒಳಗೆ ಇರುವುದು ಹೊರಗೆ ಬರುವುದು ಬೇಡ."

ಅವನು ಹೆದರಿದ್ದು ತುಕ್ಕಿಗಲ್ಲ. ಬೆಣೆ ಕಿತ್ತರೆ ಅಣ್ಣ ಏನು ಹೇಳಿಬಿಡುತ್ತಾನೋ ಎಂದು. ಗಾಡಿಯನ್ನು ಹಾಗೆಯೇ ತಿರುಗಿಸಿಕೊಂಡು ಬಂದ. ಡಾಂಬರು ಕಾಯಿಸಿ, ತುಕ್ಕಿನ ಮೇಲೆ, ಹಕ್ಕಳೆಯ ಮೇಲೆ, ಬೆಣೆಗಳ ಮೇಲೆ ದಪ್ಪಗೆ ಬಳಿದ. ಅದರ ಮೇಲೆ ಕಪ್ಪು ಬಣ್ಣ ಹೊಡೆದ. ಗಾಡಿಯ ತಳ ಶೋರೂಮಿನಿಂದ ಈಗ ತಾನೇ ಬಂದಂತೆ ಮಿರುಗಿತು. ನೋಡಿದವರೆಲ್ಲ ಭೇಷ್ ಎಂದರು.

ಸದ್ದು ಕಡಿಮೆಯಾಯಿತು. ಆಮೇಲೆ ನಿಂತೇಹೋಯಿತು. ಒಳಗಿನ ನೀರನ್ನು ತುಕ್ಕು ಕುಡಿದು ಮುಗಿಸಿತ್ತು. ಉಬ್ಬಿ ಉಬ್ಬಿ ತೊಲೆಯ ಪೊಳ್ಳೆಲ್ಲ ತುಂಬಿಕೊಂಡಿತ್ತು. ಹರಿಯಲು ನೀರಿರಲಿಲ್ಲ, ಕುಟ್ಟಲು ಜಾಗವಿರಲಿಲ್ಲ.

ವ್ಯಾಪಾರಿ ಹೆಂಡತಿಯನ್ನು ಕರೆದ. "ಬಾ, ನೀನೇ ಕೇಳಿ ನೋಡು. ಅಣ್ಣ ಹೋದ."

ಅವಳು ಹೆದರುತ್ತಲೇ ಬಂದು ಗಾಡಿಗೆ ಕಿವಿಯಿಟ್ಟಳು. ಬಹಳ ಹೊತ್ತು ಇಟ್ಟಳು. ಏನೂ ಕೇಳಲಿಲ್ಲ. "ಪಾಪ, ಅವರಿಗೆ ಮುಕ್ತಿ ಸಿಕ್ಕಿತು," ಎಂದು ಕಣ್ಣೊರೆಸಿಕೊಂಡಳು. ಅವನಿಗೂ ಅಳು ಬಂತು. ಎಷ್ಟೋ ದಿನಗಳ ಮೇಲೆ ಆ ಮನೆಯಲ್ಲಿ ಪಾಯಸ ಮಾಡಿದರು, ನೆರೆಯವರಿಗೂ ಹಂಚಿದರು. ಅಷ್ಟು ಸಂತೋಷ ಅವರಿಗೆ ಮದುವೆಯ ದಿನವೂ ಆಗಿರಲಿಲ್ಲ.

ಮರುದಿನ ಅವಳು ಮಲ್ಲಿಗೆ ಮುಡಿದು ಗಾಡಿ ಹತ್ತಿ ಅವನ ಪಕ್ಕ ಕೂತಳು. ಹಿಂದೆ ಮೀನು, ಐಸು ತುಂಬಿತ್ತು. ಘಟ್ಟದ ಒಂದು ತಿರುವಿನಲ್ಲಿ ಅವನು ಬೇಕೆಂದೇ ಬ್ರೇಕು ಹಾಕಿ ಕಿವಿಗೊಟ್ಟ. ಹಿಂದಿನಿಂದ ಏನೂ ಬರಲಿಲ್ಲ. ಅವಳ ಮುಖ ನೋಡಿ ನಕ್ಕ. ಅವಳೂ ನಕ್ಕಳು. "ಈಗ ಎಷ್ಟು ನೆಮ್ಮದಿ ಅಲ್ವಾ," ಎಂದಳು.

ಮುಂದಿನ ತಿರುವಿನಲ್ಲಿ ಚಾಸಿ ಅವರ ಬೆನ್ನ ಹಿಂದೆಯೇ ತುಂಡಾಯಿತು. ದೊಡ್ಡ ಸದ್ದೇನೂ ಆಗಲಿಲ್ಲ. ಹಪ್ಪಳ ಮುರಿದಷ್ಟೇ. ಹಿಂದಿನ ಭಾರ ಕುಸಿದು, ಮುಂಭಾಗ ಎಡಕ್ಕೆ ವಾಲಿ, ತಡೆಗೋಡೆ ಒಡೆದು, ಅರ್ಧ ಕಣಿವೆಯ ಮೇಲೆ ಚಾಚಿಕೊಂಡು ನಿಂತಿತು. ಎಡಗಡೆಯ ಬಾಗಿಲು ತೆರೆದಿತ್ತು, ಪಕ್ಕದ ಸೀಟು ಖಾಲಿಯಾಗಿತ್ತು. ಅವನಿಗೆ ಹಿಡಿದುಕೊಳ್ಳಲು ಸ್ಟೀರಿಂಗ್ ಇತ್ತು. ಅವಳು ಅವನ ಕೈಯನ್ನು ಹುಡುಕಿರಬೇಕು.

ಓಡಿ ಬಂದ ಜನ ಮುರಿದ ಜಾಗವನ್ನು ನೋಡಿದರು. ಅಲ್ಲಿ ಕಬ್ಬಿಣವೇ ಇರಲಿಲ್ಲ. ಡಾಂಬರಿನ ಚಿಪ್ಪೊಂದು ಚಾಸಿಯ ಆಕಾರದಲ್ಲಿ ನಿಂತಿತ್ತು. ಅದರೊಳಗಿನಿಂದ ಕೆಂಪು ಪುಡಿ ಉದುರುತ್ತಲೇ ಇತ್ತು. ಬೆಣೆಗಳು ಮಾತ್ರ ಹೊಡೆದ ದಿನದಷ್ಟೇ ಬಿಗಿಯಾಗಿದ್ದವು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಅಚ್ಯುತನ ಮುಖ ಕಳೆಗುಂದಿತ್ತು.

"ಹಾಗಾದರೆ ಒಳಗೆ ಅಣ್ಣ ಇರಲೇ ಇಲ್ಲ," ಎಂದ ಅವನು. "ಬರೀ ನೀರು."

"ನೀರೆಂದರೆ ನೀರು, ಅಣ್ಣನೆಂದರೆ ಅಣ್ಣ. ನನಗೆ ಗೊತ್ತಿಲ್ಲ. ಅದು ಸದ್ದು ಮಾಡುವಷ್ಟು ದಿನ ಅವಳು ಗಾಡಿ ಹತ್ತಲಿಲ್ಲ, ಬದುಕಿದ್ದಳು. ಇಷ್ಟು ಗೊತ್ತು."

ಅಚ್ಯುತನಿಗೆ ಸಿಟ್ಟು ಬಂತು. "ಮುಚ್ಚಿಟ್ಟವನು ಅವನು, ಹೋದವಳು ಅವಳು. ಅವಳೇನು ಮಾಡಿದ್ದಳು? ಇದೆಂಥ ನ್ಯಾಯ ಗುರುಗಳೇ?"

ಗುರುಗಳು ಅವನನ್ನೇ ನೋಡಿದರು.

"ನಿನ್ನದು ಶಾಂತವಾಯಿತೆಂದು ನಂಬಿ ಈಗ ನಿನ್ನ ಪಕ್ಕದಲ್ಲಿ ಕೂತಿರುವವರು ಯಾರಪ್ಪ?"