ತೊಳೆದಿಟ್ಟ ತಟ್ಟೆಗಳು

“ಗುರುಗಳೇ, ಮೂರು ವರ್ಷದಿಂದ ಪ್ರತಿ ಸೋಮವಾರ ತಪ್ಪದೆ ನಿಮ್ಮಲ್ಲಿಗೆ ಬರುತ್ತಿದ್ದೇನೆ. ಆದರೂ ನನ್ನ ಸಿಟ್ಟು ಹೋಗಲಿಲ್ಲವಲ್ಲ, ಏಕೆ?” ಎಂದು ಗುರುಮಲ್ಲಪ್ಪ ಕೇಳಿದ.

ಅಂದು ಬೆಳಿಗ್ಗೆಯೂ ಅವನು ಹೆಂಡತಿಯ ಮೇಲೆ ಕೂಗಾಡಿದ್ದ. ಇನ್ನೊಂದು ಸಲ ಹೀಗಾದರೆ ತವರಿಗೆ ಹೋಗುತ್ತೇನೆ ಎಂದು ಅವಳು ಉಣ್ಣದೆ ಎದ್ದಿದ್ದಳು. ಅದನ್ನು ಅವನು ಹೇಳಲಿಲ್ಲ. ಮಠದ ಬಾಗಿಲಲ್ಲಿ ಮುಖ ಒರೆಸಿಕೊಂಡು, ಶಲ್ಯ ಸರಿಮಾಡಿಕೊಂಡು ಒಳಗೆ ಬಂದಿದ್ದ. ಮನೆಯಲ್ಲಿ ಹೇಗಿದ್ದಾರೆ ಎಂದು ಗುರುಗಳು ಕೇಳಿದ್ದಕ್ಕೆ, ಎಂದಿನಂತೆ, ಎಲ್ಲ ಚೆನ್ನಾಗಿದ್ದೇವೆ ಎಂದಿದ್ದ.

ಗುರುಗಳು ಗಟ್ಟಿಯಾಗಿ ನಕ್ಕರು. “ಕೂತುಕೋ, ಒಂದು ಕತೆ ಹೇಳುತ್ತೇನೆ.”

ಒಬ್ಬ ಗೃಹಿಣಿ ಇದ್ದಳು. ದೊಡ್ಡ ಸಂಸಾರ. ಇಪ್ಪತ್ತು ವರ್ಷ ಪಾತ್ರೆ ತಿಕ್ಕಿ ತಿಕ್ಕಿ ಅವಳ ಕೈ ಬಿರಿದಿತ್ತು. ಹಬ್ಬಕ್ಕೆ ಓರಗಿತ್ತಿಯರೆಲ್ಲ ಗೋರಂಟಿ ಹಚ್ಚಿಕೊಂಡರೆ ಇವಳು ಪಾತ್ರೆಗಳ ಮುಂದೆ ಕೂತಿರುತ್ತಿದ್ದಳು. ನೋಡಲಾರದೆ ಗಂಡ ಪಾತ್ರೆ ತೊಳೆಯುವ ಯಂತ್ರ ತಂದ. ಅವಳು ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, ಹೂವಿಟ್ಟು ಕೈಮುಗಿದಳು.

ಆದರೆ ಯಂತ್ರದಿಂದ ಹೊರಬಂದ ತಟ್ಟೆಗಳಲ್ಲಿ ಎಣ್ಣೆಜಿಡ್ಡು ಹಾಗೇ ಇತ್ತು. ಸೋಪು ಬದಲಿಸಿದಳು. ಜಾಲರಿ ಬಿಚ್ಚಿ ತಿಕ್ಕಿದಳು. ತಟ್ಟೆಗಳನ್ನು ಬಿಡಿಬಿಡಿಯಾಗಿ ಜೋಡಿಸಿದಳು. ಜಪ್ಪಯ್ಯ ಎಂದರೂ ಜಿಡ್ಡು ಬಿಡಲಿಲ್ಲ. ಗೌರಿಹಬ್ಬ ಹತ್ತಿರ ಬಂತು. ವಾಪಸ್ ಕೊಟ್ಟುಬಿಡೋಣ ಎಂದ ಗಂಡ. ಅವಳಿಗೆ ಅಳುವೇ ಬಂತು.

ಕೊನೆಗೆ ರಿಪೇರಿಯವನು ಬಂದ. ಅವಳು ತಟ್ಟೆ ಜೋಡಿಸುವುದನ್ನು ಸುಮ್ಮನೆ ನಿಂತು ನೋಡಿದ. ಅವಳು ಪ್ರತಿ ತಟ್ಟೆಯನ್ನೂ ನಲ್ಲಿಯ ಕೆಳಗೆ ತೊಳೆದು ಆಮೇಲೆ ಯಂತ್ರದೊಳಗೆ ಇಡುತ್ತಿದ್ದಳು.

“ಅಮ್ಮಾ, ಇದೇನ್ ಮಾಡ್ತಿದ್ದೀರಿ?”

“ಪೂಜೆ ಮಾಡಿದ ಯಂತ್ರ ಕಣಪ್ಪ. ಅದರೊಳಗೆ ಮುಸುರೆ ಇಡೋಕಾಗುತ್ತಾ?”

ಅವನಿಗೆ ನಗು ತಡೆಯಲಾಗಲಿಲ್ಲ. “ಇದು ಮೊದಲು ನೀರು ಚಿಮ್ಮಿಸಿ, ಆ ನೀರು ಎಷ್ಟು ಕೊಳೆಯಾಯ್ತು ಅಂತ ನೋಡುತ್ತಮ್ಮ. ಕೊಳೆ ಕಂಡಷ್ಟೇ ತೊಳೆಯೋದು. ನೀವು ಮೇಲಿನ ಕೊಳೆ ತೊಳೆದುಬಿಟ್ರೆ, ಇಲ್ಲಿ ಕೆಲಸವೇ ಇಲ್ಲ ಅಂತ ಬೇಗ ನಿಂತುಬಿಡುತ್ತೆ. ಜಿಡ್ಡು ಅಲ್ಲೇ ಉಳಿಯುತ್ತೆ.”

ಅವಳು ಮನಸ್ಸು ಗಟ್ಟಿಮಾಡಿಕೊಂಡಳು. ಅಗುಳು ಮಾತ್ರ ಕೆಡವಿ, ಹುಳಿ ಮೆತ್ತಿದ ತಟ್ಟೆಗಳನ್ನು ಹಾಗೇ ಇಟ್ಟಳು. ತಪ್ಪಾಯಿತೆಂದು ಯಂತ್ರಕ್ಕೆ ಕೈಮುಗಿದು, ಕೆನ್ನೆ ಬಡಿದುಕೊಂಡು ಬಾಗಿಲು ಹಾಕಿದಳು. ಯಂತ್ರ ಎರಡು ಗಂಟೆ ಗುರುಗುಟ್ಟಿತು. ತೆಗೆದು ನೋಡಿದರೆ ತಟ್ಟೆಯಲ್ಲಿ ಅವಳ ಮುಖವೇ ಕಂಡಿತು! ಖುಷಿ ತಡೆಯಲಾರದೆ ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದಳು. ಹಬ್ಬದ ಹಿಂದಿನ ದಿನ ಪಾತ್ರೆಗಳನ್ನೆಲ್ಲ ಯಂತ್ರಕ್ಕೆ ಹಾಕಿ, ಎರಡೂ ಕೈಗೆ ಗೋರಂಟಿ ಮೆತ್ತಿಸಿಕೊಂಡು, ಮಹಾರಾಣಿಯ ಹಾಗೆ ಜಗಲಿಯ ಮೇಲೆ ಕೂತಳು.

ಗುರುಮಲ್ಲಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. “ಎಂಥ ಪೆದ್ದಿ ಗುರುಗಳೇ! ತೊಳೆಯುವ ಯಂತ್ರಕ್ಕೇ ಕೊಳೆ ಕಾಣದ ಹಾಗೆ ಮಾಡಿದಳಲ್ಲ!”

ಗುರುಗಳು ಅವನ ಒರೆಸಿದ ಮುಖವನ್ನೂ ಸರಿಮಾಡಿದ ಶಲ್ಯವನ್ನೂ ನೋಡಿದರು. ಅವನ ನಗು ಅರ್ಧಕ್ಕೇ ನಿಂತಿತು.

“ಮುಂದಿನ ಸೋಮವಾರ ನೀನೂ ಮುಸುರೆ ಸಮೇತ ಬಾ.”