ಕಸ್ತೂರಿಯ ದನಿ

ಮೈಕು ಇಲ್ಲದ ಕಾಲ ಅದು. ಗದಗ, ಹುಬ್ಬಳ್ಳಿ, ಬಾಗಲಕೋಟೆಯ ಕಡೆ ಕ್ಯಾಂಪು ಹಾಕುತ್ತಿದ್ದ ಒಂದು ನಾಟಕ ಕಂಪನಿಯಲ್ಲಿ ತುಂಗಾಬಾಯಿ ಎಂಬ ಗಾಯಕ ನಟಿ ಇದ್ದಳು. ಅವಳದು ಬಹಳ ಎತ್ತರದ ದನಿ. ರಂಗದ ಮೇಲೆ ನಿಂತು ಮೇಲಿನ ಷಡ್ಜ ಹಿಡಿದಳೆಂದರೆ, ತಗಡಿನ ಥಿಯೇಟರಿನ ಕಟ್ಟಕಡೆಗೆ ಚಾಪೆ ಹಾಸಿ ಕೂತವನಿಗೂ ಕಿವಿಯ ಪಕ್ಕದಲ್ಲೇ ಹಾಡಿದಂತೆ ಕೇಳುತ್ತಿತ್ತು. ಜನ 'ವನ್ಸ್‌ಮೋರ್' ಎಂದು ಕೂಗುತ್ತಿದ್ದರು. ಪಾತ್ರ ಸತ್ತು ಬಿದ್ದಿದ್ದರೂ ಸರಿ, ಅವಳು ಎದ್ದು ಕೂತು ಅದೇ ಹಾಡನ್ನು ಮತ್ತೆ ಹಾಡಬೇಕಾಗುತ್ತಿತ್ತು.

ನಾಟಕವಿಲ್ಲದ ದಿನ ದೊಡ್ಡವರ ವಾಡೆಗಳಲ್ಲಿ, ಮಠಗಳಲ್ಲಿ ಅವಳ ಹಾಡಿನ ಬೈಠಕ್ ಇರುತ್ತಿತ್ತು. ಅಲ್ಲಿ ಬಣ್ಣವಿಲ್ಲ, ಕಿರೀಟವಿಲ್ಲ. ತಂಬೂರಿ ಹಿಡಿದು ಕೂತು, ಗುರು ರಾಚಯ್ಯ ಬುವಾ ಕಲಿಸಿದ್ದನ್ನು ಹಾಡುತ್ತಿದ್ದಳು. ಬುವಾ ತಾವೇ ರಾಗಕ್ಕೆ ಕಟ್ಟಿದ ಕೆಲವು ಹಾಡುಗಳನ್ನು, ಆ ಚೀಜುಗಳನ್ನು, ಅವಳೊಬ್ಬಳಿಗೇ ಕೊಟ್ಟಿದ್ದರು.

ಕಂಪನಿಯ ಅಡುಗೆಯಾಕೆ ತೀರಿಕೊಂಡಾಗ ಅವಳ ಪುಟ್ಟ ಮಗಳು ಕಸ್ತೂರಿಯನ್ನು ತುಂಗಾಬಾಯಿ ತನ್ನ ಬಿಡಾರಕ್ಕೆ ಕರೆದುಕೊಂಡಳು. ತಲೆ ಬಾಚಿದಳು, ಉಣ್ಣಿಸಿದಳು, ಸ್ವರ ಹಚ್ಚುವುದನ್ನು ಕಲಿಸಿದಳು. ಇದನ್ನೆಲ್ಲ ಪ್ರೀತಿಯಿಂದಲೇ ಮಾಡಿದಳು. ಅದರಲ್ಲಿ ಸುಳ್ಳಿರಲಿಲ್ಲ. ಹುಡುಗಿ ದೊಡ್ಡವಳಾಗುತ್ತ ಬಂದಂತೆ ಬೈಠಕ್ಕಿನಲ್ಲಿ ಅವಳನ್ನು ಹಿಂದೆ ಕೂರಿಸಿಕೊಂಡು ತಂಬೂರಿ ಕೊಡತೊಡಗಿದಳು.

ಒಂದು ಬೆಳಿಗ್ಗೆ ದೇಸಾಯರ ವಾಡೆಯಲ್ಲಿ ತುಂಗಾಬಾಯಿ ತೋಡಿ ರಾಗ ಹಾಡುತ್ತಿದ್ದಳು. ಮೇಲಿನ ಷಡ್ಜಕ್ಕೆ ಹೋಗುವಾಗ ಯಾಕೋ ಗಂಟಲು ತಡವರಿಸಿತು. ತಿರುಗಿ ಹುಡುಗಿಗೆ ಕಣ್ಸನ್ನೆ ಮಾಡಿದಳು. ಕಸ್ತೂರಿ ಆ ಸ್ವರವನ್ನು ಎತ್ತಿಕೊಂಡಳು. ಎತ್ತಿಕೊಂಡು ಅಲ್ಲೇ ನಿಂತಳು. ಮುಖ ಕಿವುಚಲಿಲ್ಲ, ಕುತ್ತಿಗೆಯ ನರ ಉಬ್ಬಲಿಲ್ಲ. ಕೂತವರೆಲ್ಲ ತುಂಗಾಬಾಯಿಯ ಭುಜದ ಮೇಲಿಂದ ಹಿಂದೆ ನೋಡಿದರು.

ಮುದಿ ದೇಸಾಯರು ತೊಡೆ ತಟ್ಟಿ ನಕ್ಕರು. "ತುಂಗಾಬಾಯಿ, ನಿಮ್ಮ ಹಳೇ ದನಿ ನಿಮ್ಮ ಬೆನ್ನ ಹಿಂದ ಕುಂತದಲ್ರೀ!"

ಅವರು ಅಂದದ್ದು ಮೆಚ್ಚುಗೆಯಿಂದಲೇ. ತುಂಗಾಬಾಯಿಯೂ ನಕ್ಕಳು. ಆದರೆ ಮರಳುವಾಗ ಗಾಡಿಯಲ್ಲಿ ತಂಬೂರಿಯನ್ನು ಹುಡುಗಿಯ ಕೈಯಿಂದ ತೆಗೆದು ತನ್ನ ತೊಡೆಯ ಮೇಲಿಟ್ಟುಕೊಂಡಳು.

ಮಾತು ಕಂಪನಿಯ ಮಾಲಕ ಚನ್ನಮಲ್ಲಪ್ಪನ ಕಿವಿಗೆ ಬಿತ್ತು. ಅವನು ಬಂದು ಚಾಪೆಯ ಮೇಲೆ ಕೂತು, ಎಲೆ ಅಡಿಕೆಯ ತಟ್ಟೆ ಮುಂದಿಟ್ಟುಕೊಂಡು ಮೆಲ್ಲಗೆ ಹೇಳಿದ. "ಬಾಯಾರ, ಹೊಸ ನಾಟಕದಾಗ ಕಸ್ತೂರಿಗೆ ನಾಯಕಿ ಪಾರ್ಟ್ ಕೊಡೂಣ ಅಂತೀನಿ. ನೀವು ರಾಜಮಾತೆ ಮಾಡ್ರಿ. ಭಾಳ ತೂಕದ ಪಾರ್ಟ್ ಅದ."

"ಕೊಡ್ರಿ, ಅದಕ್ಕೇನು. ನಾ ಬೆಳಸಿದ ಹುಡುಗಿ. ನನಗ ಹೆಮ್ಮೆ ಅಲ್ಲೇನ್ರಿ?" ಎಂದಳು ತುಂಗಾಬಾಯಿ.

ಅವನು ಹೋದ ಮೇಲೆ ಬಣ್ಣದ ಪೆಟ್ಟಿಗೆಯ ಕನ್ನಡಿಯಲ್ಲಿ ತನ್ನ ಮುಖವನ್ನು ಬಹಳ ಹೊತ್ತು ನೋಡಿಕೊಂಡಳು. ರಾಜಮಾತೆಗೆ ನಾಟಕದಲ್ಲಿ ಹಾಡೇ ಇರಲಿಲ್ಲ.

ಹೊಸ ನಾಟಕದ ತಾಲೀಮು ಶುರುವಾಗುವ ಹೊತ್ತಿಗೆ ಕಸ್ತೂರಿಗೆ ಜ್ವರ ಬಂತು. ಜ್ವರವೇನೋ ಬಿಟ್ಟಿತು. ಗಂಟಲು ಮಾತ್ರ ಬಾತುಕೊಂಡು, ಮಾತಾಡಿದರೆ ಒಡಕು ಒಡಕಾಗಿ ಕೇಳುತ್ತಿತ್ತು. ಅವಳು ಶಾಲು ಹೊದ್ದುಕೊಂಡು ತುಂಗಾಬಾಯಿಯ ಹತ್ತಿರ ಬಂದಳು.

"ಅಕ್ಕಾರ, ದನಿ ಏಳವಲ್ದರಿ. ನಾಕು ದಿನ ಹಾಡೂದು ಬಿಡ್ಲೇನ್ರಿ?"

ತುಂಗಾಬಾಯಿಗೆ ಉತ್ತರ ಗೊತ್ತಿತ್ತು. ತಾನು ಹುಡುಗಿಯಾಗಿದ್ದಾಗ ತನಗೂ ಹೀಗೇ ಆಗಿತ್ತು. ಆಗ ಬುವಾ ಅವಳಿಗೆ ಹಾಡಲು ಬಿಡುವುದಿರಲಿ, ಮಾತಾಡಲೂ ಬಿಟ್ಟಿರಲಿಲ್ಲ. ಬಾತ ಗಂಟಲಲ್ಲಿ ಹಾಡಿದರೆ ದನಿ ಹರಿದು ಹೋಗುತ್ತದೆ, ಹರಿದದ್ದು ಮತ್ತೆ ಕೂಡುವುದಿಲ್ಲ ಎಂಬುದು ಅವಳಿಗೆ ಚೆನ್ನಾಗಿ ತಿಳಿದಿತ್ತು. 'ಹೌದವ್ವಾ, ಬಿಡು' ಎಂದಿದ್ದರೆ ಮುಗಿಯುತ್ತಿತ್ತು. ಆ ಮಾತು ನಾಲಿಗೆಯ ತುದಿಯವರೆಗೆ ಬಂತು ಕೂಡ.

"ಬಿಡಬ್ಯಾಡ," ಎಂದಳು. "ಹಾಡಬೇಕು. ಹಾಡಿದ್ರನ ಕಫ ಕರಗ್ತದ. ಮ್ಯಾಲ ಹಾಡು, ಇನ್ನೂ ಮ್ಯಾಲ ಹಾಡು."

"ನೋವಾಗ್ತದರಿ ಅಕ್ಕಾರ."

"ನೋವಾಗಲಾರದ ಯಾರಿಗೆ ದನಿ ಬಂದದ?"

ಕಸ್ತೂರಿ ಹೇಳಿದಂತೆ ಮಾಡಿದಳು. ಅವಳಿಗೆ ತಾಯಿಯೂ ಇವಳೇ, ಗುರುವೂ ಇವಳೇ. ಬೆಳಗ್ಗೆ ಹಾಡಿದಳು, ಮಧ್ಯಾಹ್ನ ಹಾಡಿದಳು. ಕಣ್ಣಲ್ಲಿ ನೀರು ಬಂದರೂ ಹಾಡಿದಳು. ಒಂದು ಸಂಜೆ ತಾಲೀಮಿನಲ್ಲಿ, ಎಲ್ಲರೂ ನೋಡುತ್ತಿದ್ದ ಹಾಗೆ, ಮೇಲಿನ ಷಡ್ಜಕ್ಕೆ ಬಾಯಿ ತೆರೆದಳು. ಸ್ವರ ಬರಲಿಲ್ಲ, ಬರೀ ಗಾಳಿ ಬಂತು. ಕೆಮ್ಮಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಸೆರಗಿಗೆ ರಕ್ತ ಹತ್ತಿತ್ತು.

ಆಮೇಲೆ ಕಷಾಯ ಆಯಿತು, ವೈದ್ಯರಾಯಿತು, ಹರಕೆಯಾಯಿತು. ಮಾತು ಬಂತು, ಒಣ ತೊಗಲು ಕೆರೆದಂಥ ಮಾತು. ಹಾಡು ಬರಲಿಲ್ಲ. ನಾಯಕಿಯ ಪಾತ್ರ ಮತ್ತೆ ತುಂಗಾಬಾಯಿಗೇ ಬಂತು.

ಕಸ್ತೂರಿ ಕಂಪನಿಯಲ್ಲೇ ಉಳಿದಳು. ಸೀರೆ ಮಡಚುವುದು, ಬಿಸಿನೀರು ಕಾಯಿಸುವುದು, ತುಂಗಾಬಾಯಿಯ ಮುಖಕ್ಕೆ ಬಣ್ಣ ಹಚ್ಚುವುದು ಅವಳ ಕೆಲಸವಾಯಿತು. ತುಂಗಾಬಾಯಿ ಅವಳಿಗೆ ಒಳ್ಳೊಳ್ಳೆಯ ಇಳಕಲ್ ಸೀರೆ ಕೊಡಿಸಿದಳು, ತನ್ನ ತಾಟಿನಿಂದ ಸಿಹಿ ಎತ್ತಿ ಹಾಕಿದಳು. "ಅಕ್ಕಾರು ನನ್ನ ಕೈ ಬಿಡಲಿಲ್ಲ ನೋಡ್ರಿ," ಎಂದು ಕಸ್ತೂರಿ ಕಂಡವರ ಮುಂದೆಲ್ಲ ಹೇಳುತ್ತಿದ್ದಳು. "ನನ್ನ ನಸೀಬ ಖೊಟ್ಟಿ, ಅವರೇನ್ ಮಾಡ್ತಾರ?" ಆ ಮಾತು ಕೇಳಿದಾಗಲೆಲ್ಲ ತುಂಗಾಬಾಯಿ ಎದ್ದು ಒಳಗೆ ಹೋಗುತ್ತಿದ್ದಳು.

ಕೆಲವು ವರ್ಷ ಹೀಗೇ ನಡೆಯಿತು. ಒಂದು ಚಳಿಗಾಲದಲ್ಲಿ ತುಂಗಾಬಾಯಿಯ ಗಂಟಲೇ ಬಾತುಕೊಂಡಿತು. ಅವಳು ಹೆದರಿ ನರಗುಂದಕ್ಕೆ, ಬುವಾ ಅವರಿದ್ದಲ್ಲಿಗೆ ಹೊರಟಳು. ಆರೈಕೆಗೆಂದು ಕಸ್ತೂರಿಯೂ ಜೊತೆಗೆ ಹೋದಳು. ಬುವಾ ಅವರಿಗೆ ವಯಸ್ಸಾಗಿತ್ತು, ಕಣ್ಣು ಮಂಜಾಗಿತ್ತು. ಕಿವಿ ಮಾತ್ರ ಚುರುಕಾಗಿತ್ತು. ತುಂಗಾಬಾಯಿಯ ಎರಡು ಮಾತು ಕೇಳಿದ್ದೇ ಕೈ ಎತ್ತಿ ನಿಲ್ಲಿಸಿದರು.

"ಇನ್ನ ಒಂದು ಮಾತೂ ಆಡಬ್ಯಾಡ. ಹಾಡಂತೂ ಬ್ಯಾಡೇ ಬ್ಯಾಡ. ಸಣ್ಣಾಕಿ ಇದ್ದಾಗ ಜ್ವರ ಬಂದು ಹಿಂಗ ಆಗಿತ್ತಲ್ಲ, ನಾ ಏನ್ ಮಾಡಿದ್ದೆ? ತಂಬೂರಿ ಒಯ್ದು ಮೂಲಿಗಿಟ್ಟಿದ್ದೆ. ನೀ ಅಳಾಕತ್ತಿದ್ದಿ. ಬಾತ ಗಂಟಲಾಗ ಹಾಡಿದ್ರ ದನಿ ಹರದು ಹೋಗ್ತದವ್ವಾ ಅಂತ ಎಷ್ಟು ಸಲ ಹೇಳಿದ್ದೆ. ಅಷ್ಟರಾಗ ಮರತಿಯೇನು?"

ಕಸ್ತೂರಿ ಬಿಸಿನೀರಿನ ತಂಬಿಗೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಒಳಗೆ ಬಂದು ತಂಬಿಗೆಯನ್ನು ನೆಲಕ್ಕಿಟ್ಟಳು.

"ನಿಮಗ ಗೊತ್ತಿತ್ತೇನ್ರಿ ಅಕ್ಕಾರ?"

ತುಂಗಾಬಾಯಿಗೆ ಮಾತಾಡಬೇಡ ಎಂದು ಗುರುಗಳ ಅಪ್ಪಣೆಯಾಗಿತ್ತು. ತಲೆಯನ್ನಾದರೂ ಆಡಿಸಬಹುದಿತ್ತು. ಅವಳು ತಂಬಿಗೆಯನ್ನೇ ನೋಡುತ್ತ ಕೂತಳು.

ಬುವಾ ದನಿ ಬಂದ ಕಡೆ ಮುಖ ತಿರುಗಿಸಿದರು. "ಯಾರವ್ವಾ ನೀನು? ನಿನ್ನ ಗಂಟಲಿಗೆ ಏನಾತು?"

"ಜ್ವರ ಬಂದಿತ್ತರಿ. ಹಾಡೂದು ಬಿಡ್ಲೇನು ಅಂತ ಕೇಳಿದೆ. ಬಿಡಬ್ಯಾಡ ಅಂದ್ರು. ಇನ್ನೂ ಮ್ಯಾಲ ಹಾಡು ಅಂದ್ರು."

ಮುದುಕರು ಮತ್ತೆ ತುಂಗಾಬಾಯಿಯ ಕಡೆ ಮುಖ ಮಾಡಿದರು. "ನಿನ್ನ ದನಿ ತಿರುಗಿ ಬರ್ತದ. ಈಕಿದು ಬರೂದಿಲ್ಲ. ನಾ ಕೊಟ್ಟದ್ದನ್ನ ವಾಪಸ್ ಕೇಳೂದಿಲ್ಲ, ಹಾಡಿಕೋ. ಆದ್ರ ಇನ್ನ ಮ್ಯಾಲ ಯಾರಿಗೂ ಕಲಸಬ್ಯಾಡ. ನಿನ್ನ ಮುಂದ ಮತ್ತೊಂದು ಕೂಸು ಬಾಯಿ ತೆರಿಯೂದು ಬ್ಯಾಡ."

ಕಸ್ತೂರಿ ಅಂದೇ ಹೊರಟುಹೋದಳು. ಇಳಕಲ್ ಸೀರೆಗಳು ಕಂಪನಿಯ ಟ್ರಂಕಿನಲ್ಲೇ ಉಳಿದವು.

ಬುವಾ ಅಂದಂತೆ ತುಂಗಾಬಾಯಿಯ ದನಿ ಮರಳಿ ಬಂತು. ಜನ ಮತ್ತೆ 'ವನ್ಸ್‌ಮೋರ್' ಎಂದರು. ಹಣ್ಣು ಹೂವು ಹಿಡಿದು, ಹೆಣ್ಣುಮಕ್ಕಳ ಕೈ ಹಿಡಿದು, ಹಾಡು ಕಲಿಸಿರೆಂದು ತಾಯಂದಿರು ಅವಳ ಬಿಡಾರಕ್ಕೆ ಬಂದರು. ಅವಳು ಬಾಗಿಲಲ್ಲೇ ನಿಂತು ಎಲ್ಲರನ್ನೂ ತಿರುಗಿ ಕಳಿಸಿದಳು. ಯಾಕೆಂದು ಹೇಳಲಿಲ್ಲ. "ಸೊಕ್ಕಿನಾಕಿ" ಎಂದು ಹೆಸರಾಯಿತು. ಕಾಲ ಸರಿದಂತೆ ಊರೂರಿಗೆ ಸಿನಿಮಾ ಬಂತು. ವಯಸ್ಸಿಗೆ ತಕ್ಕಂತೆ ಅವಳ ದನಿಯೂ ಇಳಿಯಿತು. ಅವಳ ಜಾಗಕ್ಕೆ ನಿಲ್ಲುವ ಹುಡುಗಿ ಕಂಪನಿಯಲ್ಲಿ ಇರಲಿಲ್ಲ. ಚನ್ನಮಲ್ಲಪ್ಪ ಪರದೆಗಳನ್ನು ಮಾರಿ ಕಂಪನಿ ಮುಚ್ಚಿದ. ಬುವಾ ತೀರಿಕೊಂಡರು.

ಆಗ ಒಂದು ದಿನ ತುಂಗಾಬಾಯಿಗೆ ಭಯ ಹುಟ್ಟಿತು. ಬುವಾ ಅವರ ಚೀಜುಗಳು ಇಡೀ ಲೋಕದಲ್ಲಿ ತನ್ನೊಬ್ಬಳ ಗಂಟಲಲ್ಲಿ ಉಳಿದಿವೆ, ತಾನು ಹೋದರೆ ಅವೂ ಹೋಗುತ್ತವೆ. ಗದಗ ಸ್ಟೇಶನ್ನಿನ ಹತ್ತಿರ ಕಸ್ತೂರಿ ಖಾನಾವಳಿ ನಡೆಸುತ್ತಾಳೆಂದು ಯಾರೋ ಹೇಳಿದ್ದರು. ಕೋಲೂರಿಕೊಂಡು ಅಲ್ಲಿಗೆ ಹೋದಳು.

ಕಸ್ತೂರಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ನೋಡಿದಳು, ಗುರುತು ಹಿಡಿದಳು, ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಬುವಾರ ಚೀಜು ನಿನಗ ಹೇಳತೀನಿ ತಂಗಿ," ಎಂದಳು ತುಂಗಾಬಾಯಿ. "ನೀ ಹಾಡದಿದ್ರೂ ನೆನಪಿಟ್ಟುಕೋ. ಯಾರಿಗರೆ ಕಲಸು. ನಿನಗ ಕೊಟ್ರ ಅವರು ಬ್ಯಾಡ ಅನ್ನತಿರಲಿಲ್ಲ."

"ಈ ಹರಕ ದನಿಲೆ ಕಲಸಿದ್ರ ಮಕ್ಕಳು ಏನ್ ಕಲೀತಾವರಿ?"

"ನನ್ನನ್ನ ಕ್ಷಮಾ ಮಾಡು, ಕಸ್ತೂರಿ."

ಕಸ್ತೂರಿ ತವೆಯ ಮೇಲಿನ ರೊಟ್ಟಿ ಮಗುಚಿದಳು. "ಅಷ್ಟೂ ವರ್ಷ ನಾನು ದಿನಾ ದೇವರನ್ನ ಬೈತಿದ್ದೆ ಅಕ್ಕಾರ. ದನಿ ಕೊಟ್ಟು ಕಸಗೊಂಡಿ ಅಂತ ಬೈತಿದ್ದೆ. ಪಾಪ, ಅವನದೇನೂ ತಪ್ಪಿರಲಿಲ್ಲ." ತಟ್ಟೆಗೆ ರೊಟ್ಟಿ, ಪಲ್ಯ ಹಾಕಿ ಮುಂದೆ ಸರಿಸಿದಳು. "ದೂರದಿಂದ ಬಂದೀರಿ. ಉಂಡು ಹೋಗ್ರಿ. ಹಾಡಿನ ಮಾತು ಬ್ಯಾಡ."

ತುಂಗಾಬಾಯಿ ಒಂದು ತುತ್ತು ಮುರಿದಳು. ಆಮೇಲೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಕೋಲೂರಿಕೊಂಡು ಎದ್ದು ಹೋದಳು.

ಮುಂದಿನ ಬೇಸಿಗೆಯಲ್ಲಿ ಅವಳು ತೀರಿಕೊಂಡಳು. ಆ ಚೀಜುಗಳು ಈಗ ಯಾರಿಗೂ ಬರುವುದಿಲ್ಲ. ಅವುಗಳ ಹೆಸರು ಕೂಡ ಯಾರಿಗೂ ಗೊತ್ತಿಲ್ಲ.

ನೀತಿ: ನಂಬಿ ಕೇಳಿದವರಿಗೆ ಹೊಟ್ಟೆಕಿಚ್ಚಿನಿಂದ ತಪ್ಪು ದಾರಿ ತೋರಿಸಬೇಡಿ. ಅದರಿಂದ ಅವರ ಬಾಳು ಕೆಡುತ್ತದೆ, ನೀವು ಕಲಿತ ವಿದ್ಯೆಯೂ ನಿಮ್ಮೊಂದಿಗೇ ಮಣ್ಣಾಗುತ್ತದೆ. ಆಮೇಲೆ ಎಷ್ಟು ಉಪಕಾರ ಮಾಡಿದರೂ, ಎಷ್ಟು ಕ್ಷಮೆ ಕೇಳಿದರೂ, ಕೆಟ್ಟದ್ದು ಸರಿಹೋಗುವುದಿಲ್ಲ.